ವಾಸನೆ ತಿಳಿಯದ ಮೂಗನ್ನು ಕಡೆಗಣಿಸಬೇಡಿ

ನೆಗಡಿಗೆ ಮೂಗು ಕಟ್ಟಿದರೆ ವಾಸನೆ ತಿಳಿಯುವುದಿಲ್ಲ. ಕೋವಿಡ್ ಬಂದ ಅನೇಕರಿಗೆ ಮೂಗು ಕಟ್ಟದೆಯೇ ವಾಸನೆ ಏಕಾಏಕಿ ಹೋಯಿತು. 2020ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಸಾಂಕ್ರಾಮಿಕದ ಅಬ್ಬರ ಇಳಿದ ಮೇಲೆ ಆ ಮಾತು ನಿಂತಿತು. ಹಾನಿ ಮಾತ್ರ ಕೆಲವರಲ್ಲಿ ಉಳಿದೇ ಇದೆ.

ಮೂಗಿನ ಒಳಗೆ, ಮೇಲ್ಭಾಗದಲ್ಲಿ ಘ್ರಾಣ ಪದರವಿದೆ. ಅಲ್ಲಿನ ನರಕೋಶಗಳು ವಾಸನೆಯ ಅಣುಗಳನ್ನು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ವೈರಸ್ ಒಳಹೊಗಲು ಬೇಕಾದ ಎಸಿಇ-2 ಪ್ರೋಟೀನು ಇರುವುದು ಈ ನರಕೋಶಗಳಲ್ಲಲ್ಲ, ಅವನ್ನು ಪೋಷಿಸುವ ಆಸರೆ ಕೋಶಗಳಲ್ಲಿ ಎಂದು ಹಾರ್ವರ್ಡ್ ಸಂಶೋಧಕರು 2020ರಲ್ಲಿ ತೋರಿಸಿದರು. ಆಸರೆ ಕುಸಿದರೆ ನರಕೋಶಗಳ ಕೆಲಸವೂ ಕೆಡುತ್ತದೆ. ಆಸರೆ ಕೋಶಗಳು ಮತ್ತೆ ಬೆಳೆಯುವುದರಿಂದ ಬಹುತೇಕರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಮರಳದವರ ಘ್ರಾಣ ಪದರದ ತುಣುಕುಗಳನ್ನು ಡ್ಯೂಕ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿತು. ವೈರಸ್ ಹೋದ ಮೇಲೂ ಅಲ್ಲಿ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳ ಉರಿಯೂತ ಮುಂದುವರಿದಿತ್ತು, ನರಕೋಶಗಳು ಕಡಿಮೆಯಾಗಿದ್ದವು.

ಕೋವಿಡ್‌ನಿಂದ ವಾಸನೆ ಕಳೆದುಕೊಂಡವರಲ್ಲಿ ಸುಮಾರು ಶೇ. 5.6 ಮಂದಿಗೆ ತೊಂದರೆ ದೀರ್ಘಕಾಲ ಉಳಿಯುತ್ತದೆ ಎಂದು ಬಿಎಂಜೆ ಪತ್ರಿಕೆಯಲ್ಲಿ 2022ರಲ್ಲಿ ಬಂದ ವಿಶ್ಲೇಷಣೆ ಅಂದಾಜಿಸಿತು. ಶೇಕಡಾವಾರು ಸಣ್ಣದು, ಸೋಂಕಿತರು ಕೋಟಿಗಟ್ಟಲೆ. ಕೆಲವರಿಗೆ ವಾಸನೆ ಮರಳಿದರೂ ವಿಕಾರವಾಗಿ ಮರಳುತ್ತದೆ: ಆಗಷ್ಟೇ ಇಳಿಸಿದ ಡಿಕಾಕ್ಷನ್, ಬೆಳ್ಳುಳ್ಳಿ ಒಗ್ಗರಣೆ ಕೊಳೆತ ನಾತ ಹೊಡೆಯುತ್ತದೆ. ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ಮನಸ್ಸು ಕುಗ್ಗುತ್ತದೆ.

ಮುಂದಿನ ಅಪಾಯ ಇನ್ನೂ ದೊಡ್ಡದು. ವಯಸ್ಸಾದಂತೆ ಘ್ರಾಣಶಕ್ತಿ ಹೇಗೂ ಇಳಿಯುತ್ತದೆ. ಇಂದು ಅರೆಬರೆ ಚೇತರಿಸಿಕೊಂಡವರು ನಾಳೆ ವೃದ್ಧರಾದಾಗ ಎರಡೂ ನಷ್ಟ ಒಟ್ಟುಗೂಡುತ್ತವೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಅದಕ್ಕೆ ಈಥೈಲ್ ಮರ್‌ಕ್ಯಾಪ್ಟನ್ ಬೆರೆಸುತ್ತಾರೆ. ಒಂಟಿಯಾಗಿರುವ ಅಜ್ಜಿಗೆ ಆ ವಾಸನೆಯೇ ತಿಳಿಯದಿದ್ದರೆ ಸಿಲಿಂಡರ್ ಸೋರಿದ್ದು ಗೊತ್ತಾಗುವುದು ಹೇಗೆ? ಹಳಸಿದ ಸಾರು, ಸುಟ್ಟ ವೈರು ಕೂಡ ಹಾಗೆಯೇ.

ಇದಕ್ಕೆ ದುಬಾರಿ ಮದ್ದಿಲ್ಲ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ವಾಸನೆಗಳನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರ ಮೂಸುವ ಅಭ್ಯಾಸದಿಂದ ಕೆಲವರಿಗೆ ಪ್ರಯೋಜನವಾಗುತ್ತದೆ ಎಂದು ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲೇ ವರದಿ ಮಾಡಿತ್ತು. ವಾಸನೆ ಮರಳದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಅಡುಗೆಮನೆಗೆ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿ. ಮನೆಯ ಹಿರಿಯರಿಗೆ ವಾಸನೆ ತಿಳಿಯುತ್ತಿದೆಯೇ ಎಂದು ಇಂದೇ ಕೇಳಿ. ಅವರಾಗಿ ಹೇಳಲಿ ಎಂದು ಕಾಯಬೇಡಿ.