ಬೇತಾಳ ಮೊದಲು ಕಿವಿಗೆ ಬರಲಿ

ಶಿಕಾಗೊದಿಂದ ಆರ್ಚರ್ ಅವೆನ್ಯೂ ಹಿಡಿದು ಲೆಮಾಂಟ್ ಕಡೆಗೆ ಹೊರಟರೆ ದಾರಿಯುದ್ದಕ್ಕೂ ದೆವ್ವದ ಕತೆಗಳೇ. ಬಿಳಿ ಉಡುಪಿನ ಹುಡುಗಿಯೊಬ್ಬಳು ಕಾರು ಹತ್ತಿ, ಜಸ್ಟಿಸ್ ಊರಿನ ರೆಸರೆಕ್ಷನ್ ಸ್ಮಶಾನ ಬರುತ್ತಲೇ ಮಾಯವಾಗುತ್ತಾಳೆ ಎಂಬ ಕತೆ 1930ರ ದಶಕದಿಂದ ನಡೆದುಬಂದಿದೆ. 1848ರಲ್ಲಿ ತೆರೆದ ಇಲಿನಾಯ್–ಮಿಷಿಗನ್ ಕಾಲುವೆಯನ್ನು ಅಗೆದ ಐರಿಷ್ ಕೂಲಿಗಳು ಲೆಮಾಂಟ್‌ನ ಸೇಂಟ್ ಜೇಮ್ಸ್ ಚರ್ಚಿನ ಗುಡ್ಡದಲ್ಲಿ ಮಣ್ಣಾಗಿದ್ದಾರೆ. ಅಲ್ಲೂ ಪ್ರೇತಗಳ ಸುದ್ದಿಯಿದೆ. ಅದೇ ಊರಿನ ಹಿಂದೂ ದೇವಾಲಯಕ್ಕೆ ಬರುವ ಕನ್ನಡ ಮನೆಗಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೆದರಿಕೆಗೆ ಬರವಿಲ್ಲ. ಬರವಿರುವುದು ಕನ್ನಡದಲ್ಲಿ ಮೈ ಜುಮ್ಮೆನ್ನಿಸುವ ಕತೆಗೆ. ಈ ಮಕ್ಕಳಲ್ಲಿ ಬಹಳ ಮಂದಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಒತ್ತಕ್ಷರ ಕಂಡರೆ ನಾಲಿಗೆ ತಡವರಿಸುತ್ತದೆ. ಹಳೆಯ ಭಯದ ಕತೆಗಳನ್ನು ಇವರಿಗೆಂದು ಹೊಸದಾಗಿ ಕಟ್ಟುವವರು ಧ್ವನಿಯಿಂದ ಶುರುಮಾಡಬೇಕು, ಚಿತ್ರಕತೆಯನ್ನು ಅದರ ಬೆನ್ನಿಗೆ ತರಬೇಕು ಎಂಬುದು ನನ್ನ ವಾದ.

ಕಾಣದ್ದಕ್ಕೇ ನಾವು ಹೆಚ್ಚು ಹೆದರುತ್ತೇವೆ ಎಂಬುದು ರೇಡಿಯೊದವರಿಗೆ ಬೇಗ ಹೊಳೆದಿತ್ತು. ವಿಲಿಸ್ ಕೂಪರ್ 1934ರಲ್ಲಿ 'ಲೈಟ್ಸ್ ಔಟ್' ಶುರುಮಾಡಿದ್ದು ಶಿಕಾಗೊದಿಂದಲೇ, ಅದೂ ಮಧ್ಯರಾತ್ರಿಯ ಹೊತ್ತಿಗೆ. ತಲೆ ಕಡಿಯುವ ಸದ್ದಿಗಾಗಿ ಅಲ್ಲಿ ಎಲೆಕೋಸು ಕತ್ತರಿಸುತ್ತಿದ್ದರಂತೆ! ನಮ್ಮ ಬೆಂಗಳೂರಿನ ಬಾಗಿಲುಗಳ ಮೇಲೆ 1990ರ ದಶಕದಲ್ಲಿ 'ನಾಳೆ ಬಾ' ಎಂದು ಬರೆಸಿದ ದೆವ್ವವೂ ದನಿಯದ್ದೇ. ಮನೆಯವರ ಕಂಠದಲ್ಲಿ ಕರೆಯುವುದೇ ಅದರ ಶಕ್ತಿ. ಅದಕ್ಕೊಂದು ಮುಖ ಬರೆದು ಚೌಕದೊಳಗೆ ಕೂರಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818) ಇನ್ನೂ ಗಟ್ಟಿ ಸಾಕ್ಷಿ. ಕಾದಂಬರಿಯಲ್ಲಿ ಆ ಜೀವಿ ಒಂದು ಮನೆಯ ಪಕ್ಕದಲ್ಲಿ ಅಡಗಿ ಕೂತು, ಒಳಗಿನವರ ಮಾತು ಕೇಳಿ ಕೇಳಿಯೇ ಭಾಷೆ ಕಲಿಯುತ್ತದೆ. ತನ್ನನ್ನು ಹುಟ್ಟಿಸಿ ಕೈಬಿಟ್ಟವನ ಮುಂದೆ ತಾಸುಗಟ್ಟಲೆ ವಾದಿಸುತ್ತದೆ. 1931ರ ಸಿನಿಮಾ ಆ ಬಾಯಿಯನ್ನೇ ಕಟ್ಟಿತು. ಮಕ್ಕಳಿಗೆ ಉಳಿದದ್ದು ಚಪ್ಪಟೆ ತಲೆ, ಕತ್ತಿನ ಬೋಲ್ಟು. ಧ್ವನಿಗೆ ಇಳಿಸಿದರೆ ಅದು ಮತ್ತೆ ಮಾತಾಡಲೇಬೇಕಾಗುತ್ತದೆ, ಕೇಳುವ ಮಗುವಿಗೆ ಅದರ ಮೇಲೆ ಕನಿಕರ ಹುಟ್ಟುವುದೂ ಆಗಲೇ.

ಚಿತ್ರವಿದ್ದರೆ ಮಕ್ಕಳು ಸುಲಭವಾಗಿ ಹತ್ತಿರ ಬರುತ್ತಾರಲ್ಲ ಎನ್ನಬಹುದು. ನಿಜ. ಹೆದರಿದ ಮಗು ಪುಟ ಮುಚ್ಚಬಹುದು, ಧೈರ್ಯ ಬಂದಾಗ ಹಿಂದಿರುಗಬಹುದು. ಓಡುವ ದನಿಗೆ ಆ ದಾಕ್ಷಿಣ್ಯ ಕಡಿಮೆ. ಆದರೆ ಚಿತ್ರಕತೆಗೆ ರಕ್ತ ತೋರಿಸುವ ಚಪಲವೂ ಇದೆ. ಆ ಚಪಲ ಅತಿಯಾದದ್ದರಿಂದಲೇ 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಕಟ್ಟಳೆ ಹಾಕಿಕೊಂಡು, ರಕ್ತಪಿಶಾಚಿ, ನಡೆದಾಡುವ ಹೆಣ ಎಲ್ಲವನ್ನೂ ಹೊರಗಟ್ಟಿದರು. 1971ರಲ್ಲಿ ಕಟ್ಟಳೆ ಸಡಿಲಿಸಿದಾಗ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ಗಳ ಸಾಹಿತ್ಯಪರಂಪರೆಯನ್ನೇ ನೆಪಮಾಡಿ ರಕ್ತಪಿಶಾಚಿಗಳನ್ನು ಒಳಗೆ ಬಿಟ್ಟುಕೊಂಡರು. ಒಳ್ಳೆಯ ಕತೆಗೆ ಅಷ್ಟು ಮರ್ಯಾದೆ ಉಳಿದಿತ್ತು. ಮೊದಲು ಕೇಳಿದ ಕತೆಯ ಚಿತ್ರಪುಸ್ತಕ ಕೈಗೆ ಬಂದರೆ ಇನ್ನೊಂದು ಲಾಭವಿದೆ: ಮಾತು ಆಗಲೇ ಗೊತ್ತಿರುವುದರಿಂದ ಅಕ್ಷರ ಕೂಡಿಸುವುದು ಹಗುರವಾಗುತ್ತದೆ.

ಮೂಢನಂಬಿಕೆ ಬಿತ್ತಿದಂತಾಗುವುದಿಲ್ಲವೇ ಎಂಬ ಆಕ್ಷೇಪ ನಮ್ಮಲ್ಲಿ ಬಂದೇ ಬರುತ್ತದೆ. ಹನ್ನೊಂದನೆಯ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಸೇರಿ, ನಮ್ಮವರಿಗೆ 'ಚಂದಮಾಮ'ದ ಮೂಲಕ ಮನೆಮಾತಾದ ಬೇತಾಳನ ಕತೆ ನೋಡಿ. ಸ್ಮಶಾನ, ರಾಜನ ಹೆಗಲ ಮೇಲೆ ಹೆಣ, ಹೆಣದ ಬಾಯಲ್ಲಿ ಕತೆ. ಆದರೆ ಕೊನೆಗೆ ಬರುವುದು ನ್ಯಾಯಾನ್ಯಾಯದ ಪ್ರಶ್ನೆ. ಗೊತ್ತಿದ್ದೂ ಉತ್ತರಿಸದಿದ್ದರೆ ತಲೆ ಸಿಡಿದೀತು. ಹೆದರಿಕೆಯ ನಡುವೆಯೇ ಯೋಚಿಸು ಎಂದು ಒತ್ತಾಯಿಸುವ ಈ ಕಟ್ಟನ್ನು ಮೂಢನಂಬಿಕೆ ಎನ್ನಲು ನಾನು ಒಪ್ಪೆ. ತೀರ ಎಳೆಯರಿಗೆ ಇದು ಬೇಡ, ಮಲಗುವ ಹೊತ್ತಿಗೂ ಬೇಡ; ಅಷ್ಟು ವಿವೇಕ ಹಿರಿಯರಿಗಿರಲಿ. ಸೋಮದೇವ, ಶೆಲ್ಲಿ ಇಬ್ಬರ ಕೃತಿಗಳಿಗೂ ಇಂದು ಹಕ್ಕುಸ್ವಾಮ್ಯದ ತೊಡಕಿಲ್ಲ. ಶಿಕಾಗೊ, ಡೆಟ್ರಾಯ್ಟ್ ಕಡೆಯ ಕನ್ನಡ ಕೂಟಗಳವರು ಬೇತಾಳನ ಒಂದೇ ಒಂದು ಕತೆಯನ್ನು ಹತ್ತು ನಿಮಿಷಕ್ಕೆ ಧ್ವನಿಮುದ್ರಿಸಲಿ. ರಾಜನ ಉತ್ತರಕ್ಕೆ ಮುಂಚೆ ಅದನ್ನು ನಿಲ್ಲಿಸಿ, ಮಕ್ಕಳಿಂದ ಕನ್ನಡದಲ್ಲೇ ಉತ್ತರ ಕೇಳಲಿ.