ಓಡುತ್ತಿರುವಾಗಲೇ ತಿದ್ದಬಹುದಾದ ಯಂತ್ರ

ಹೊಲಿಗೆಯ ಯಂತ್ರವು ಓಡುತ್ತಿರುವಾಗ ಅದರ ಸೂಜಿಯನ್ನು ಬದಲಾಯಿಸಲು ಯಾರೂ ಕೈಯಿಕ್ಕುವದಿಲ್ಲ. ಮೊದಲು ಕಾಲನ್ನು ನಿಲ್ಲಿಸಬೇಕು. ಕಂಪ್ಯೂಟರಿಗಾಗಿ ಬರೆಯುವ ಪ್ರೋಗ್ರಾಮುಗಳಲ್ಲಿಯೂ ಅನೇಕವುಗಳ ರೀತಿಯು ಹೀಗೆಯೇ. ಪರದೆಯ ಮೇಲಣ ಒಂದು ಗುಂಡಿಯನ್ನು ಎಡದಿಂದ ಬಲಕ್ಕೆ ಸರಿಸಬೇಕಾದರೂ ಬರಹವನ್ನು ತಿದ್ದಿ, ಯಂತ್ರಭಾಷೆಗೆ ಇಳಿಸಿ, ಪುನಃ ಮೊದಲಿನಿಂದ ನಡಿಸಿ ನೋಡತಕ್ಕದ್ದು. ಇದಕ್ಕೆ ಹೊರತಾದ ಮಾರ್ಗವೊಂದುಂಟು. ಅದನ್ನು ಈಮ್ಯಾಕ್ಸ್ ಎಂಬ ಬರಹ ತಿದ್ದುವ ಸಾಧನದ ಮೂಲಕ ವಾಚಕರಿಗೆ ತಿಳಿಸಲು ಇಚ್ಛಿಸುತ್ತೇವೆ.

ರಿಚರ್ಡ್ ಸ್ಟಾಲ್ಮನ್ ಎಂಬವರು 1985ರಲ್ಲಿ ಹೊರಡಿಸಿದ ಗ್ನೂ ಈಮ್ಯಾಕ್ಸಿನ ತಿರುಳು ಸಿ ಭಾಷೆಯಲ್ಲಿದೆ. ಉಳಿದ ಬಹುಭಾಗವು ಅದರ ಒಡಲಲ್ಲಿಯೇ ಅಡಕವಾಗಿರುವ ಲಿಸ್ಪ್ ಭಾಷೆಯಲ್ಲಿದೆ. ಲಿಸ್ಪ್ ಹಳೆಯ ಭಾಷೆ. ಅದನ್ನು ಜಾನ್ ಮೆಕಾರ್ಥಿಯವರು 1958ರಲ್ಲಿ ಅಮೇರಿಕದ ಎಂ.ಐ.ಟಿ.ಯಲ್ಲಿ ಕಲ್ಪಿಸಿದರು. ಅದರ ವ್ಯಾಕರಣವು ಅತ್ಯಲ್ಪವಾದದ್ದು: ಕಂಸವನ್ನು ತೆರೆದು, ಮೊದಲು ಮಾಡತಕ್ಕ ಕೆಲಸವನ್ನೂ ಬಳಿಕ ಅದಕ್ಕೆ ಬೇಕಾದ ವಸ್ತುಗಳನ್ನೂ ಹೇಳಿ, ಕಂಸವನ್ನು ಮುಚ್ಚುವದು. (+ 2 3) ಎಂದು ಬರೆದು ಅಪ್ಪಣೆಯಿತ್ತರೆ 5 ಎಂಬ ಉತ್ತರ ಬರುತ್ತದೆ. ನಮ್ಮ ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕಡೆಯಲ್ಲಿ ನಿಲ್ಲುವದರಿಂದ ಮೊದಮೊದಲು ಇದು ತಲೆಕೆಳಗಾದಂತೆ ಕಾಣುವದು.

ಇದೇ ಪುಟದಲ್ಲಿ ಒಂದು ಗುಂಡಿಯನ್ನು ಸೇರಿಸೆಂದು ಬರೆದು ಅಪ್ಪಣೆಯಿತ್ತೊಡನೆ ಗುಂಡಿಯು ಎದುರಿನಲ್ಲಿಯೇ ಮೂಡುತ್ತದೆ. ಅದನ್ನು ಒತ್ತಿದರೆ ‘ನಮಸ್ಕಾರ’ ಎಂದು ತೋರಿಸುವ ಕೆಲಸಕ್ಕೆ ಒಂದು ಹೆಸರಿಟ್ಟಿದ್ದೇವೆನ್ನೋಣ. ಆ ಕೆಲಸದ ಬರಹವನ್ನು ಮಾತ್ರ ತಿದ್ದಿ ಪುನಃ ಅಪ್ಪಣೆಯಿತ್ತರೆ, ಮೊದಲಿದ್ದ ಗುಂಡಿಯೇ ಹೊಸ ಮಾತನ್ನಾಡುವದು. ಯಾಕಂದರೆ ಗುಂಡಿಯು ಕೆಲಸದ ಹೆಸರನ್ನಷ್ಟೇ ನೆನಪಿಟ್ಟುಕೊಂಡು, ಒತ್ತಿದಾಗಲೆಲ್ಲಾ ಆ ಹೆಸರಿಗೆ ಆಗ ಇರುವ ಅರ್ಥವನ್ನು ಹುಡುಕುತ್ತದೆ. ಇಡೀ ವಿದ್ಯೆಯ ಗುಟ್ಟು ಇದರಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. 1990ರ ದಶಕದ 19ನೆಯ ಆವೃತ್ತಿಯಿಂದ ಕಿಟಕಿಯ ಮೇಲಣ ಮೆನುವನ್ನು ಸಹ ಹೀಗೆಯೇ ತಿದ್ದಬಹುದಾಗಿದೆ.

ಇಷ್ಟು ಸ್ವಾತಂತ್ರ್ಯದಲ್ಲಿ ಅಪಾಯವಿಲ್ಲದೆ ಇಲ್ಲ. ನಾವು ಒಮ್ಮೆ ‘ಎ’ ಅಕ್ಷರದ ಕೀಲಿಗೆ ಬೇರೊಂದು ಕೆಲಸವನ್ನು ಒಪ್ಪಿಸಿದೆವು. ತಪ್ಪನ್ನು ಸರಿಪಡಿಸುವ ಆಜ್ಞೆಯಲ್ಲಿಯೂ ಅದೇ ಅಕ್ಷರವಿದ್ದುದರಿಂದ ಅದನ್ನು ಬರೆಯಲಾಗದೆ, ಎಲ್ಲವನ್ನೂ ಮುಚ್ಚಿ ತೆರೆಯಬೇಕಾಯಿತು. ಆರಂಭದಲ್ಲಿ ಓದಲ್ಪಡುವ ಕಡತದಲ್ಲಿ ಬರೆದಿಡದ ಬದಲಾವಣೆಯು ಮುಚ್ಚಿದೊಡನೆ ಅಳಿದುಹೋಗುವದು. ಅಂದು ಅದೇ ನಮ್ಮನ್ನು ಉಳಿಸಿತು.

‘ಪ್ರೋಗ್ರಾಮ್ ಬರೆಯುವದು ನಮ್ಮಿಂದಾಗದು’ ಎಂದು ನಮ್ಮ ಹುಡುಗಿಯರಲ್ಲಿ ಹಲವರು ಕಲಿಯುವದಕ್ಕೆ ಮುಂಚೆಯೇ ಹೇಳುತ್ತಾರೆ. ಅವರಿಗಾಗಿ ಒಂದು ಸಂಗತಿ. ಗ್ನೂ ಈಮ್ಯಾಕ್ಸಿಗೂ ಹಿಂದೆ, 1978ರಲ್ಲಿ, ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಮಲ್ಟಿಕ್ಸ್ ಕಂಪ್ಯೂಟರಿಗಾಗಿ ಒಂದು ಈಮ್ಯಾಕ್ಸನ್ನು ಲಿಸ್ಪಿನಲ್ಲಿ ಬರೆದರು. ಅವರ ಕಚೇರಿಯ ಕಾರ್ಯದರ್ಶಿಗಳು ತಮಗೆ ಪ್ರೋಗ್ರಾಮಿನ ವಿದ್ಯೆ ಹತ್ತದೆಂದು ನಂಬಿದ್ದರಂತೆ. ಅವರ ಕೈಗೆ ಬಂದ ಕೈಪಿಡಿಯಲ್ಲಿ ಹೊಸ ಆಜ್ಞೆಗಳನ್ನು ಕೂಡಿಸುವ ಬಗೆ ಇತ್ತೇ ಹೊರತು, ಇದು ಪ್ರೋಗ್ರಾಮ್ ಎಂಬ ಮಾತೇ ಇರಲಿಲ್ಲ. ಆದದರಿಂದ ಅವರು ಅಂಜದೆ ಓದಿದರು, ಬರೆದರು, ತಮ್ಮ ಕೆಲಸಕ್ಕೆ ಬೇಕಾದದ್ದನ್ನು ಮಾಡಿಕೊಂಡರು ಎಂದು ಸ್ಟಾಲ್ಮನ್ನರು 2002ರ ಭಾಷಣವೊಂದರಲ್ಲಿ ತಿಳಿಸಿದ್ದಾರೆ. ಮೇಲಣ ಗುಂಡಿಯನ್ನು ಮಾಡಿ ನೋಡಲಿಚ್ಛಿಸುವ ವಿದ್ಯಾರ್ಥಿನಿಯರಿಗೆ ಈಮ್ಯಾಕ್ಸ್ ಯಾವ ಕ್ರಯವೂ ಇಲ್ಲದೆ ದೊರೆಯುತ್ತದೆ. ತೆರೆದ ಕಂಸಗಳನ್ನೆಲ್ಲಾ ಎಣಿಸಿ ಮುಚ್ಚಲು ಮರೆಯಬಾರದು.