ನೂರು ಮಿಲಿಗ್ರಾಮಿನ ತುರ್ತು

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕೆಟ್ಟರೆ ದೇಹವೇ ಸೊರಗುವುದೆಂದು ಲಂಡನ್ನಿನ ಡಾಕ್ಟರ್ ಥಾಮಸ್ ಅಡಿಸನ್ 1855ರಲ್ಲಿಯೇ ಬರೆದಿಟ್ಟರು. ಗ್ರಂಥಿಗಳು ಒದಗಿಸದ ಕಾರ್ಟಿಸಾಲನ್ನು ಇಂದು ನಿತ್ಯದ ಮಾತ್ರೆಗಳು ತುಂಬಿಕೊಡುತ್ತವೆ. ಆದರೆ ಜ್ವರವೋ ವಾಂತಿಯೋ ಬಂದಿತೆನ್ನಿ, ಆ ಮಾತ್ರೆ ಸಾಲದು. ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಆಗ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ನನ್ನು ತಕ್ಷಣವೇ ಕೊಡಬೇಕು; ರಕ್ತಪರೀಕ್ಷೆಯ ಫಲಕ್ಕಾಗಿ ಕಾಯಲಾಗದು. ದುರ್ದೈವವೆಂದರೆ, ತುರ್ತು ವಿಭಾಗದಲ್ಲಿ ಇದು ಬರಿಯ ಹೊಟ್ಟೆಯ ಕಾಯಿಲೆಯಂತೆ ತೋರಿ, ರೋಗಿ ಬೆಂಚಿನ ಮೇಲೆಯೇ ಉಳಿಯುವುದುಂಟು. ಮಾತು ತೊದಲುತ್ತಿರುವಾಗ ತನ್ನ ರೋಗವನ್ನು ಅವನು ವಿವರಿಸುವುದಾದರೂ ಎಂತು? ಇಂಗ್ಲೆಂಡಿನಲ್ಲಿ 2020ರಲ್ಲಿ ಇಂಥವರಿಗಾಗಿ ತುರ್ತು ಕಾರ್ಡೊಂದನ್ನು ಜಾರಿಗೆ ತಂದರು. ಮದ್ದಿನ ಹೆಸರು, ಪ್ರಮಾಣ ಎರಡೂ ಅದರಲ್ಲಿ ಅಚ್ಚಾಗಿವೆ. ರೋಗಿಯ ಮನೆಯವರು ಅದನ್ನು ಬಾಗಿಲಲ್ಲಿಯೇ ನರ್ಸಿನ ಕೈಗಿಡಬಹುದು.